ಚೆಕ್ ಯಾರ ಹೆಸರಿಗೆ? ಹಳ್ಳಿ ಗ್ರಂಥಾಲಯದ ಗಣಿತ ಹಬ್ಬಕ್ಕೆ ದುಡ್ಡು ಹೊಂದಿಸುವ ಬಗ್ಗೆ

ಪ್ರಶ್ನೆ: ಸರ್, ನಾನು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮೇಲ್ವಿಚಾರಕಿ. ಸಂಜೆ ಹೊತ್ತು 20-25 ಮಕ್ಕಳು ಬರುತ್ತಾರೆ. ಗಣಿತ ಅಂದರೆ ಎಲ್ಲರಿಗೂ ಭಯ. ಮಕ್ಕಳ ಜೊತೆ ಊರಿನ ದೊಡ್ಡವರನ್ನೂ ಸೇರಿಸಿ ಒಂದು ದಿನ ಗಣಿತ ಹಬ್ಬ ಮಾಡಬೇಕು ಅಂತ ಆಸೆ. ಅಮೆರಿಕದಲ್ಲಿ ಸಣ್ಣ ಊರಿನ ಲೈಬ್ರರಿಗಳಿಗೆ ಇಂಥದ್ದಕ್ಕೆ ಅಂತಲೇ ಸಣ್ಣ ಅನುದಾನ ಕೊಡುತ್ತಾರೆ ಅಂತ ಓದಿದೆ. ನಮಗೂ ಸಿಗುತ್ತದಾ? ಯಾರಿಗೆ ಅರ್ಜಿ ಹಾಕಬೇಕು, ಎಷ್ಟು ಕೇಳಬೇಕು?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು 'ದೊಡ್ಡವರನ್ನೂ ಸೇರಿಸಿ' ಅನ್ನುವ ಮಾತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ದುಡ್ಡಿನ ವಿಷಯ.

ಗಣಿತ ಹಬ್ಬಕ್ಕೆ ಅಂತ ಹೆಸರು ಬರೆದಿಟ್ಟ ಅನುದಾನ ಹುಡುಕುತ್ತಾ ಕೂತರೆ ಸುಮ್ನೆ ವರ್ಷ ಕಳೆದುಹೋಗುತ್ತದೆ. ನಮ್ಮಲ್ಲಿ ದುಡ್ಡು ಬೇರೆ ಬೇರೆ ಹೆಸರಿನಲ್ಲಿ ಇದೆ. ಗ್ರಂಥಾಲಯ ಕರ ಅಂತ ಇದೆ, ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ಸಿಎಸ್‌ಆರ್ ಅಂತ ಇದೆ, ಗಣಿತ ದಿನಾಚರಣೆ ಅಂತ ಇದೆ. ಅದರೊಳಗೆ ನಿಮ್ಮ ಹಬ್ಬ ಎಲ್ಲಿ ಕೂರುತ್ತದೆ ಅಂತ ನೀವೇ ತೋರಿಸಿಕೊಡಬೇಕು. ಆದರೆ ಅದಕ್ಕೂ ಮೊದಲು ಒಂದು ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳಿ: ಯಾರೋ ಕೊಡುತ್ತೇನೆ ಅಂದರೆ, ಚೆಕ್ ಯಾರ ಹೆಸರಿಗೆ ಬರೆಯಬೇಕು?

ಅಮೆರಿಕದ ಉದಾಹರಣೆ ನಮಗೆ ಹೊಂದದೇ ಇರುವುದು ಇಲ್ಲಿಯೇ. ಅಲ್ಲಿನ ಸಣ್ಣ ಲೈಬ್ರರಿಗಳಲ್ಲಿ ಎಷ್ಟೋ ಕಡೆ ಲೈಬ್ರರಿಗೇ ಒಂದು ಆಡಳಿತ ಮಂಡಳಿ ಇರುತ್ತದೆ, ಪಕ್ಕದಲ್ಲಿ ಲೈಬ್ರರಿ ಗೆಳೆಯರ ಬಳಗ ಅಂತ ನೋಂದಣಿಯಾದ ಸಂಸ್ಥೆ ಇರುತ್ತದೆ. ದುಡ್ಡು ಅವರ ಖಾತೆಗೆ ಹೋಗುತ್ತದೆ. ನಮ್ಮ ಹಳ್ಳಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಬೋರ್ಡಿನ ಮೇಲೆ ಅರಿವು ಕೇಂದ್ರ ಅಂತ ಇರಬಹುದು, ಕಟ್ಟಡಕ್ಕೆ ಚೆಂದದ ಬಣ್ಣ ಬಂದಿರಬಹುದು, ಆದರೆ ದುಡ್ಡಿನ ಲೆಕ್ಕದಲ್ಲಿ ಅದು ಪಂಚಾಯಿತಿಯ ಒಂದು ಭಾಗ. ಹಾಗಾಗಿ ಚೆಕ್ ಪಂಚಾಯಿತಿ ಹೆಸರಿಗೆ ಬರಬೇಕು, ಇಲ್ಲವೇ ನಿಮ್ಮ ಜೊತೆ ನಿಲ್ಲುವ ಒಂದು ನೋಂದಾಯಿತ ಸಂಸ್ಥೆಯ ಹೆಸರಿಗೆ ಬರಬೇಕು. ನಿಮ್ಮ ಹೆಸರಿಗೆ ಬೇಡ. ನಿಮ್ಮ ಫೋನ್‌ಪೇಗೆ ಅಂತೂ ಬೇಡವೇ ಬೇಡ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆಲವು ವರ್ಷದ ಹಿಂದೆ ಸಿಂಧನೂರು ಕಡೆಯ ಒಂದು ಊರಲ್ಲಿ ನಾವು ಇಂಥದ್ದೇ ಕಾರ್ಯಕ್ರಮ ಮಾಡಿದೆವು. ಊರಿನವರೇ ಒಬ್ಬರು, ಬೆಂಗಳೂರಲ್ಲಿ ಇರುವವರು, 10 ಸಾವಿರ ಕೊಡುತ್ತೇನೆ ಅಂದರು. ಅವಸರದಲ್ಲಿ ನಾನೇ ನಮ್ಮ ಒಬ್ಬ ಸ್ವಯಂಸೇವಕ ಹುಡುಗನ ನಂಬರ್ ಕೊಟ್ಟೆ. ಕಾರ್ಯಕ್ರಮ ಚೆನ್ನಾಗಿ ಆಯಿತು. ಹುಡುಗ ಬೆಂಕಿಪೊಟ್ಟಣದಿಂದ ಹಿಡಿದು ಪೆಂಡಾಲ್‌ವರೆಗೆ ಎಲ್ಲದರ ಬಿಲ್ಲು ಇಟ್ಟುಕೊಂಡಿದ್ದ. ಆದರೂ ಹದಿನೈದು ದಿನದೊಳಗೆ ಚಹಾ ಅಂಗಡಿಯಲ್ಲಿ 'ದುಡ್ಡು ಅವನ ಖಾತೆಗೆ ಬಂದಿತ್ತಂತೆ' ಅನ್ನುವ ಮಾತು ಶುರುವಾಯಿತು. ಅವನ ಅವ್ವನ ಕಿವಿಗೂ ಬಿತ್ತು. ಮುಂದಿನ ವರ್ಷ ಎಷ್ಟು ಕರೆದರೂ ಅವನು ಬರಲಿಲ್ಲ. ತಪ್ಪು ನನ್ನದು, ಅನುಭವಿಸಿದವನು ಅವನು. ಅವತ್ತಿನಿಂದ ಯಾರು ಕೇಳಿದರೂ ನಾನು ಮೊದಲು ಖಾತೆಯ ಮಾತೇ ಆಡುವುದು.

ಅಂದ ಹಾಗೆ, ಹೊರದೇಶದ ಸಂಸ್ಥೆಗಳ ಅರ್ಜಿ ತುಂಬಲು ಹೋಗಬೇಡಿ. ಹೊರದೇಶದ ದೇಣಿಗೆಗೆ ಅಂತಲೇ ಇರುವ ಎಫ್‌ಸಿಆರ್‌ಎ ಕಾಯ್ದೆ ಪ್ರಕಾರ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಸಂಸ್ಥೆ ಹೊರದೇಶದ ದೇಣಿಗೆ ತಗೊಳ್ಳುವ ಹಾಗಿಲ್ಲ.

ಈಗ ಹತ್ತಿರದ ದುಡ್ಡಿನಿಂದ ಶುರು ಮಾಡೋಣ. ನಿಮ್ಮ ಮನೆಯ ತೆರಿಗೆ ರಸೀದಿ ತೆಗೆದು ನೋಡಿ. ಮನೆ ಕಂದಾಯದ ಕೆಳಗೆ ಆರೋಗ್ಯ ಕರ, ಶಿಕ್ಷಣ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಅಂತ ಸಾಲುಗಳು ಇರುತ್ತವೆ. ಗ್ರಂಥಾಲಯ ಕರ ತೆರಿಗೆಯ 100 ರೂಪಾಯಿಗೆ 6 ರೂಪಾಯಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಇದು. ಒಂದು ಪಂಚಾಯಿತಿಯ ವರ್ಷದ ತೆರಿಗೆ ಬೇಡಿಕೆ 5 ಲಕ್ಷ ಅಂತ ಇಟ್ಟುಕೊಳ್ಳಿ. ಪೂರ್ತಿ ವಸೂಲಾದರೆ ಗ್ರಂಥಾಲಯ ಕರ 30 ಸಾವಿರ ಆಗುತ್ತದೆ. ಅರ್ಧ ವಸೂಲಾದರೂ 15 ಸಾವಿರ. ಪೇಪರ್ ಬಿಲ್ಲು, ಕರೆಂಟ್ ಬಿಲ್ಲು, ರಿಪೇರಿ ಎಲ್ಲ ಅದರ ಮೇಲೆಯೇ ಕಣ್ಣಿಟ್ಟಿರುತ್ತವೆ, ನಿಜ. ಆದರೆ ಅದು ಓದುವವರಿಗೆ ಅಂತ ಊರಿನವರು ಕೊಟ್ಟ ದುಡ್ಡು. ಈ ವರ್ಷ ಎಷ್ಟು ಬಂತು, ಎಷ್ಟು ಖರ್ಚಾಯಿತು ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಜಗಳದ ಧಾಟಿಯಲ್ಲಿ ಬೇಡ. ಡಾಟಾ ಎಂಟ್ರಿ ಆಪರೇಟರ್ ಹತ್ತಿರ ಕೂತು ಲೆಕ್ಕ ನೋಡಿಕೊಂಡು, ಆಮೇಲೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಹತ್ತಿರ ಹೋಗಿ.

ಕೇಂದ್ರ ಹಣಕಾಸು ಆಯೋಗದ ದುಡ್ಡು ಯಾಕೆ ಕೇಳಬಾರದು ಅಂತ ನಿಮಗೆ ಅನಿಸಬಹುದು. ಕೇಳಬಹುದು. 2021-26ರ 15ನೇ ಆಯೋಗದ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಟ್ಟದ್ದಾಗಿತ್ತು, ಉಳಿದ ಶೇ 40 ಊರಿನ ಅಗತ್ಯಕ್ಕೆ ಬಿಟ್ಟದ್ದಾಗಿತ್ತು. ಹೀಗೆ ಊರಿನ ಅಗತ್ಯಕ್ಕೆ ಬಿಟ್ಟ ದುಡ್ಡಿಗೆ ಚರಂಡಿ, ಸಿಸಿ ರಸ್ತೆ, ಬೀದಿದೀಪ ಅಂತ ಎಲ್ಲ ಸದಸ್ಯರೂ ಸಾಲು ಹಚ್ಚಿ ನಿಂತಿರುತ್ತಾರೆ. 12 ಸಾವಿರದ ಕೆಲಸಕ್ಕೆ ಆ ಸಾಲಿನಲ್ಲಿ ನಿಲ್ಲುವುದಕ್ಕಿಂತ ಗ್ರಂಥಾಲಯ ಕರವೇ ಸಲೀಸು.

ಯಾವ ದುಡ್ಡೇ ಆಗಲಿ, ಪಂಚಾಯಿತಿಯ ವಾರ್ಷಿಕ ಅಭಿವೃದ್ಧಿ ಯೋಜನೆಯಲ್ಲಿ ಒಂದು ಸಾಲು ಬರೆಸಿ. 'ಗ್ರಂಥಾಲಯದಲ್ಲಿ ಮಕ್ಕಳ ಗಣಿತ ಚಟುವಟಿಕೆ' ಅಂತ ಇದ್ದರೆ ಸಾಕು. ಯೋಜನೆಯಲ್ಲೇ ಇಲ್ಲದ ಕೆಲಸಕ್ಕೆ ದುಡ್ಡು ಬಿಡಿ ಅಂದರೆ ಪಿಡಿಒ ಹಿಂಜರಿಯುತ್ತಾರೆ, ಆಡಿಟ್‌ಗೆ ಉತ್ತರ ಹೇಳಬೇಕಾದವರು ಅವರು. ಈ ಸಾಲು ಬರೆಸಲು ಒಂದು ಒಳ್ಳೆಯ ಜಾಗ ಇದೆ, ಮಕ್ಕಳ ಗ್ರಾಮಸಭೆ. ನವೆಂಬರ್ ಆಸುಪಾಸಿನಲ್ಲಿ ನಡೆಯುತ್ತದೆ. ಅಲ್ಲಿ ನೀವು ಎದ್ದು ಕೇಳುವುದಕ್ಕಿಂತ ನಿಮ್ಮ ಗ್ರಂಥಾಲಯಕ್ಕೆ ಬರುವ ಹುಡುಗಿಯೊಬ್ಬಳು ಎದ್ದು ನಿಂತು, 'ನಮಗೆ ಗ್ರಂಥಾಲಯದಲ್ಲಿ ಗಣಿತದ ಆಟದ ಸಾಮಾನು ಬೇಕು, ವರ್ಷಕ್ಕೊಂದು ದಿನ ಗಣಿತ ಹಬ್ಬ ಬೇಕು' ಅಂತ ಕೇಳಲಿ. ನಡವಳಿ ಪುಸ್ತಕದಲ್ಲಿ ಅದು ದಾಖಲಾಗುವ ತನಕ ಅಲ್ಲಿಂದ ಏಳಬೇಡಿ. ಆಮೇಲೆ ಕಂಪನಿಗೆ ಬರೆದರೂ, ಕಾಲೇಜಿಗೆ ಬರೆದರೂ, ಆ ಠರಾವಿನ ನಕಲು ನಿಮ್ಮ ಅರ್ಜಿಯ ಬೆನ್ನಿಗೆ ಇರುತ್ತದೆ.

12 ಸಾವಿರ ಅಂದೆನಲ್ಲ, ಆ ಲೆಕ್ಕ ಹೇಳುತ್ತೇನೆ. ಒಂದು ದಿನ, ಸುಮಾರು 80 ಮಕ್ಕಳು, 20 ದೊಡ್ಡವರು ಅಂತ ಇಟ್ಟುಕೊಂಡಿದ್ದೇನೆ. ಕಡಲೆ, ಕಡ್ಡಿ, ದಾರ, ರಟ್ಟು, ಚಾರ್ಟ್, ಕತ್ತರಿ, ಅಂಟು ಎಲ್ಲ ಸೇರಿ 1,800. ಒಗಟಿನ ಹಾಳೆಗಳ ಜೆರಾಕ್ಸ್ 600. ಶಾಮಿಯಾನ, ಟೇಬಲ್, ಕುರ್ಚಿ ಬಾಡಿಗೆ 2,500. ನೂರು ಜನಕ್ಕೆ ಒಗ್ಗರಣೆ-ಮಿರ್ಚಿ, ತಲೆಗೆ 25 ರೂಪಾಯಿಯಂತೆ 2,500. ಎಂಟು ಸ್ವಯಂಸೇವಕರ ಊಟ 600. ಬಸ್ ಚಾರ್ಜು ಮೂರು ಜನ ಗಂಡಸರಿಗೆ ಮಾತ್ರ, 600. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ ಇರುವಾಗ ಅವರ ಹೆಸರಲ್ಲೂ ಚಾರ್ಜು ತೋರಿಸಿದರೆ ಲೆಕ್ಕ ನೋಡುವವರು ಅಲ್ಲಿಗೇ ಪೆನ್ನು ಇಡುತ್ತಾರೆ. ಫೋಟೊ ಪ್ರಿಂಟು, ವರದಿ 400. ಇದೆಲ್ಲ 9 ಸಾವಿರ ಆಯಿತು. ಉಳಿದ 3 ಸಾವಿರ ಗ್ರಂಥಾಲಯದಲ್ಲೇ ಉಳಿಯುವ ಆಟದ ಪೆಟ್ಟಿಗೆಗೆ. ಈ 3 ಸಾವಿರವನ್ನು ಯಾವ ಕಾರಣಕ್ಕೂ ಕಡಿಮೆ ಮಾಡಬೇಡಿ. ಶಾಮಿಯಾನ ಸಂಜೆಗೆ ಬಿಚ್ಚಿಕೊಂಡು ಹೋಗುತ್ತದೆ, ಪೆಟ್ಟಿಗೆ ಮರುದಿನವೂ ಇರುತ್ತದೆ. ಹಾಗೆಯೇ ಇದರಲ್ಲಿ ಶಾಲು, ಹಾರ, ಸ್ಮರಣಿಕೆ ಎಲ್ಲೂ ಇಲ್ಲ, ನೋಡಿದಿರಾ? ಬೇಕಂತಲೇ ಬಿಟ್ಟಿದ್ದೇನೆ. ವೇದಿಕೆ ಹಾಕಿದರೆ ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷರ ನುಡಿ ಅಂತ ಎರಡು ತಾಸು ಹೋಗುತ್ತದೆ, ಮಕ್ಕಳು ಅಷ್ಟೊತ್ತಿಗೆ ಬಿಸಿಲಲ್ಲಿ ಬಾಡಿರುತ್ತಾರೆ. ಅಧ್ಯಕ್ಷರನ್ನು ಖಂಡಿತ ಕರೆಯಿರಿ. ಆದರೆ ಮೈಕ್ ಕೊಡುವ ಬದಲು ಒಂದು ಟೇಬಲ್‌ನಲ್ಲಿ ಮಕ್ಕಳ ಜೊತೆ ಹುಲಿ-ಕುರಿ ಆಟಕ್ಕೆ ಕೂರಿಸಿ. ನಾನು ನೋಡಿದ ಹಾಗೆ ಅವರಿಗೂ ಅದೇ ಜಾಸ್ತಿ ಖುಷಿ ಕೊಡುತ್ತದೆ.

ಇದರಲ್ಲೂ ಅರ್ಧ ದುಡ್ಡಿನ ರೂಪದಲ್ಲಿ ಬರಬೇಕಾಗಿಲ್ಲ. ಕೊಪ್ಪಳದ ಗವಿಮಠದ ಜಾತ್ರೆ ಬಂತು ಅಂದರೆ ಊರೂರಿನಿಂದ ಜೋಳದ ರೊಟ್ಟಿ ಕಟ್ಟಿಕೊಂಡು ಹೋಗಿ ದಾಸೋಹಕ್ಕೆ ಕೊಡುವ ಜನ ನಾವು. ಒಗ್ಗರಣೆ ಒಬ್ಬರ ಮನೆಯಿಂದ, ಟೇಬಲ್ ಶಾಲೆಯಿಂದ, ಶಾಮಿಯಾನ ಬಾಡಿಗೆಯವರಿಂದಲೇ ಅರ್ಧ ರೇಟಿಗೆ, ಕೇಳಿದರೆ ಬರುತ್ತದೆ. ಆದರೆ ಬಂದದ್ದಕ್ಕೆಲ್ಲ ಬೆಲೆ ಹಾಕಿ ಬರೆದಿಡಿ. ಮುಂದೆ ದೊಡ್ಡ ಕಡೆ ಕೇಳುವಾಗ 'ಊರಿನವರು ಸಾಮಾನಿನ ರೂಪದಲ್ಲಿ ಇಷ್ಟು ಕೊಟ್ಟಿದ್ದಾರೆ' ಅನ್ನುವ ಒಂದು ಸಾಲಿಗೆ ಇರುವ ತೂಕ ಬೇರೆ ಯಾವುದಕ್ಕೂ ಇಲ್ಲ.

ಸಿಎಸ್‌ಆರ್ ವಿಷಯಕ್ಕೆ ಬರೋಣ, ಎಲ್ಲರೂ ಮೊದಲು ಕೇಳುವುದು ಅದನ್ನೇ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರು ಜಿಲ್ಲೆಗಳಲ್ಲಿ ಕಾರ್ಖಾನೆಗೆ ಬರ ಇಲ್ಲ. ತೋರಣಗಲ್ಲು, ಸಂಡೂರು, ಗಿಣಿಗೇರಾ, ಹಟ್ಟಿ, ಶಕ್ತಿನಗರ, ಎಲ್ಲ ಕಡೆ ಉಕ್ಕು, ಅದಿರು, ಚಿನ್ನ, ಕರೆಂಟು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ಅದರಲ್ಲೂ ತಾವು ಕೆಲಸ ಮಾಡುವ ಸುತ್ತಮುತ್ತಲಿನ ಊರಿಗೆ ಆದ್ಯತೆ ಕೊಡಬೇಕು. ಆ ಕಾಯ್ದೆಯ 7ನೇ ಅನುಸೂಚಿಯಲ್ಲಿ ಶಿಕ್ಷಣವೂ ಇದೆ, ಸಾರ್ವಜನಿಕ ಗ್ರಂಥಾಲಯ ಸ್ಥಾಪಿಸುವುದೂ ಇದೆ. ಹಾಗಾಗಿ ನಿಮ್ಮ ಕೆಲಸಕ್ಕೆ ಬಾಗಿಲು ತೆರೆದೇ ಇದೆ.

ಆದರೆ ಎಷ್ಟೋ ಒಳ್ಳೆಯ ಅರ್ಜಿಗಳು ಬೀಳುವುದು ಒಂದೇ ಕಡೆ. ಒಂದು ದಿನದ ಕಾರ್ಯಕ್ರಮ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಮ್ಯಾರಥಾನ್, ಪ್ರಶಸ್ತಿ, ಪ್ರಾಯೋಜಕತ್ವ ಇಂಥ ಒಂದು ಸಲದ ಖರ್ಚನ್ನು ಸಿಎಸ್‌ಆರ್ ಅಂತ ಎಣಿಸುವಂತಿಲ್ಲ ಅಂತ 2014ರಲ್ಲೇ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ ಸುತ್ತೋಲೆ ಹೊರಡಿಸಿದೆ. ನೀವು 'ಗಣಿತ ಹಬ್ಬಕ್ಕೆ ನೆರವು ಕೊಡಿ' ಅಂತ ಬರೆದರೆ ಆ ಕಡೆ ಕೂತವರಿಗೆ ಮನಸ್ಸಿದ್ದರೂ ಕೈ ಕಟ್ಟಿಹಾಕಿದಂತೆ. ಅದರ ಬದಲು ವರ್ಷದ ಯೋಜನೆ ಬರೆಯಿರಿ: ಐದು ಗ್ರಂಥಾಲಯಗಳಲ್ಲಿ ಆಟದ ಪೆಟ್ಟಿಗೆ, ವಾರಕ್ಕೊಂದು ಸಂಜೆ ಗಣಿತ, ಮೇಲ್ವಿಚಾರಕರಿಗೆ ಎರಡು ದಿನದ ತರಬೇತಿ, ವರ್ಷದ ಕೊನೆಗೆ ಹಬ್ಬ. ಹಬ್ಬ ಇದರೊಳಗೆ ಒಂದು ಭಾಗ ಆಗುತ್ತದೆ. ಪಕ್ಕದ ನಾಲ್ಕು ಪಂಚಾಯಿತಿಯ ಮೇಲ್ವಿಚಾರಕರನ್ನು ಜೊತೆಗೆ ಸೇರಿಸಿಕೊಳ್ಳಿ. ಒಂದು ಗ್ರಂಥಾಲಯಕ್ಕೆ 12 ಸಾವಿರ ಕೊಡಲು ಅವರು ಮಾಡಬೇಕಾದ ಕಾಗದದ ಕೆಲಸ, 2 ಲಕ್ಷ ಕೊಡಲು ಮಾಡುವಷ್ಟೇ ಇರುತ್ತದೆ.

ಇನ್ನು ಚೆಕ್ಕಿನ ಪ್ರಶ್ನೆ ಮತ್ತೆ ಬಂತು. ಕಂಪನಿ ತನ್ನ ಪರವಾಗಿ ಸಂಸ್ಥೆಯೊಂದರ ಕೈಲಿ ಕೆಲಸ ಮಾಡಿಸುವುದಾದರೆ, 2021ರ ಏಪ್ರಿಲ್‌ನಿಂದ ಆ ಸಂಸ್ಥೆಗೆ ಅದೇ ಸಚಿವಾಲಯದಲ್ಲಿ ಸಿಎಸ್‌ಆರ್-1 ಅನ್ನುವ ನೋಂದಣಿ ಕಡ್ಡಾಯ. ಟ್ರಸ್ಟ್ ಅಥವಾ ಸೊಸೈಟಿ ಆದರೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ ಕೂಡ ಕೇಳುತ್ತಾರೆ. ಹೊಸದಾಗಿ ಸಂಸ್ಥೆ ಕಟ್ಟಲು ಹೊರಟರೆ ನಿಮ್ಮ ಎರಡು ವರ್ಷ ಅದಕ್ಕೇ ಹೋಗುತ್ತದೆ, ದಯವಿಟ್ಟು ಬೇಡ. ತಾಲೂಕಿನಲ್ಲಿ ಈ ಕಾಗದಗಳೆಲ್ಲ ಇರುವ ಒಂದು ಸಂಸ್ಥೆಯನ್ನು ಹುಡುಕಿ ಜೊತೆ ಮಾಡಿಕೊಳ್ಳಿ. ಇಲ್ಲವೇ ಕಂಪನಿಗೇ ಹೇಳಿ, 'ನಮಗೆ ದುಡ್ಡು ಬೇಡ, ಪಟ್ಟಿ ಕೊಡುತ್ತೇವೆ, ಸಾಮಾನು ನೀವೇ ಕೊಂಡು ಪಂಚಾಯಿತಿಗೆ ಕೊಡಿ.' ನೇರವಾಗಿ ಖರ್ಚು ಮಾಡಲು ಅವರಿಗೆ ಅವಕಾಶ ಇದೆ. ಈ ದಾರಿ ನನಗೆ ತುಂಬಾ ಸಲ ಕೈಹಿಡಿದಿದೆ. ಸಾಮಾನು ಬಂದ ದಿನವೇ ಪಂಚಾಯಿತಿಯ ದಾಸ್ತಾನು ಪುಸ್ತಕದಲ್ಲಿ ಏರಿಸಿ. ಕಿನ್ನಾಳದ ಮರದ ಕೆಲಸದವರು ನಮ್ಮ ಜಿಲ್ಲೆಯಲ್ಲೇ ಇದ್ದಾರಲ್ಲ, ಮರದ ಘನ, ಶಂಕು, ಆಕಾರ ಜೋಡಿಸುವ ಟ್ಯಾನ್‌ಗ್ರಾಮ್ ತುಂಡುಗಳನ್ನು ಅವರಿಂದ ಮಾಡಿಸಬಹುದಾ ಅಂತ ಆ ಪಟ್ಟಿಯಲ್ಲೇ ಕೇಳಿ ನೋಡಿ. ಪ್ಲಾಸ್ಟಿಕ್ ಸೆಟ್ಟಿಗಿಂತ ಬಾಳಿಕೆ ಬರುತ್ತದೆ, ದುಡ್ಡೂ ಜಿಲ್ಲೆಯಲ್ಲೇ ಉಳಿಯುತ್ತದೆ.

ಗಣಿ ಬಾಧಿತ ಊರುಗಳಿಗೆ ಜಿಲ್ಲಾ ಖನಿಜ ನಿಧಿ ಇದೆ, ಅದರಲ್ಲಿ ಶಿಕ್ಷಣ ಆದ್ಯತೆಯ ವಲಯ. ಸಂಡೂರು ಕಡೆಯ ಗ್ರಂಥಾಲಯದವರು ಇದನ್ನು ಬಿಡಬಾರದು, ನಿಮ್ಮ ತಾಲೂಕಿಗೆ ಅದು ದೂರದ ಮಾತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡು ಹೆಚ್ಚಾಗಿ ಕಟ್ಟಡ, ಕೊಠಡಿಯಂಥ ಕಾಮಗಾರಿಗೆ ಹೋಗುತ್ತದೆ. ಗ್ರಂಥಾಲಯಕ್ಕೆ ಇನ್ನೊಂದು ಕೋಣೆ ಬೇಕಾದಾಗ ಶಾಸಕರ ಮೂಲಕ ಅಲ್ಲಿ ಕೇಳಿ, ಕಡಲೆ-ಕತ್ತರಿಗಲ್ಲ. ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ಯೋಜನೆಗಳಲ್ಲಿ ಪುಸ್ತಕದ ಜೊತೆಗೆ ಕಾರ್ಯಾಗಾರ, ಪ್ರದರ್ಶನಕ್ಕೂ ನೆರವು ಇದೆ, ಆದರೆ ಅರ್ಜಿ ರಾಜ್ಯ ಮಟ್ಟದಿಂದ ಹೋಗಬೇಕು, ಒಬ್ಬ ಮೇಲ್ವಿಚಾರಕಿಯ ಕೈಗೆ ಸಿಗುವ ದುಡ್ಡಲ್ಲ.

ಡಿಸೆಂಬರ್ 22 ಮಾತ್ರ ಮನಸ್ಸಲ್ಲಿ ಇಟ್ಟುಕೊಳ್ಳಿ. ಅದು 1887ರಲ್ಲಿ ರಾಮಾನುಜನ್ ಹುಟ್ಟಿದ ದಿನ, ರಾಷ್ಟ್ರೀಯ ಗಣಿತ ದಿನ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ರಾಜ್ಯಗಳ ವಿಜ್ಞಾನ ಮಂಡಳಿಗಳ ಮೂಲಕ ಈ ದಿನದ ಆಚರಣೆಗೆ ನೆರವು ಕೊಡುತ್ತದೆ. ನಮ್ಮ ರಾಜ್ಯದ ಮಂಡಳಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದೆ. ಇಲ್ಲಿ ಅರ್ಜಿ ನಿಮ್ಮ ಹೆಸರಲ್ಲಿ ಬೇಡ, ಹತ್ತಿರದ ಸರ್ಕಾರಿ ಪದವಿ ಕಾಲೇಜಿನ ಗಣಿತ ವಿಭಾಗದ ಹೆಸರಲ್ಲಿ ಹೋಗಲಿ, ನಡೆಯುವ ಜಾಗ ನಿಮ್ಮ ಗ್ರಂಥಾಲಯ ಆಗಲಿ. ಕಾಲೇಜಿನವರಿಗೆ ಹಳ್ಳಿಯಲ್ಲಿ ಮಾಡಿದ ಕಾರ್ಯಕ್ರಮ ಬೇಕಿರುತ್ತದೆ, ನಿಮಗೆ ಸ್ವಯಂಸೇವಕರು ಬೇಕು. ಎನ್‌ಎಸ್‌ಎಸ್ ಘಟಕದವರು ಏಳು ದಿನದ ಶಿಬಿರಕ್ಕೆ ಊರು ಹುಡುಕುತ್ತಿರುತ್ತಾರೆ, ಅವರನ್ನೂ ಕೇಳಿ. ಒಂದೇ ತೊಡಕು, ಡಿಸೆಂಬರ್‌ನಲ್ಲಿ ಹತ್ತಿ ಬಿಡಿಸುವ ಕೆಲಸ ಇರುತ್ತದೆ, ಕೆಲವು ಮನೆಯವರು ಆಗಲೇ ಗುಳೆ ಹೋಗಿರುತ್ತಾರೆ. ಹಾಗಾಗಿ ಬೆಳಗ್ಗೆ ಬಿಟ್ಟು ಸಂಜೆ ನಾಲ್ಕರ ಮೇಲೆ ಇಟ್ಟುಕೊಳ್ಳಿ, ಹೊಲದಿಂದ ಬಂದವರೂ ಬರುತ್ತಾರೆ.

ಸಾಮಾನು ಕೊಳ್ಳುವ ಮೊದಲು ನಿಮ್ಮೂರ ಸರ್ಕಾರಿ ಪ್ರಾಥಮಿಕ ಶಾಲೆಯ ಬೀರು ಒಂದು ಸಲ ನೋಡಿ ಬನ್ನಿ. ಅಕ್ಷರ ಫೌಂಡೇಶನ್ ಜೊತೆ ಸರ್ಕಾರ ನಡೆಸಿದ ಗಣಿತ ಕಲಿಕಾ ಆಂದೋಲನದ ಪೆಟ್ಟಿಗೆ ಅಲ್ಲಿ ಇರಬೇಕು, ಮಣಿಚೌಕಟ್ಟು, ತಕ್ಕಡಿ, ಭಿನ್ನರಾಶಿ ತುಂಡುಗಳು ಎಲ್ಲ. ಅದೇ ಸಂಸ್ಥೆ ಪಂಚಾಯಿತಿ ಮಟ್ಟದಲ್ಲಿ 4, 5, 6ನೇ ತರಗತಿಯವರಿಗೆ ಗಣಿತ ಸ್ಪರ್ಧೆಗಳನ್ನೂ ನಡೆಸುತ್ತಾ ಬಂದಿದೆ, ಬಹುಮಾನಕ್ಕೆ ಊರಿನ ದಾನಿಗಳೇ ಕೈಜೋಡಿಸುತ್ತಾರೆ. ನಿಮ್ಮ ಪಂಚಾಯಿತಿಯಲ್ಲಿ ಅದು ನಡೆದಿದ್ದರೆ ದಾನಿಗಳ ಹೆಸರು ಹೆಡ್‌ಮಾಸ್ಟರ್‌ಗೆ ಗೊತ್ತಿರುತ್ತದೆ, ನಿಮ್ಮ ಪಟ್ಟಿ ಅಲ್ಲಿಂದಲೇ ಶುರುವಾಗಲಿ. ಆದರೆ ನಿಮ್ಮ ಹಬ್ಬದಲ್ಲಿ ಸ್ಪರ್ಧೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಭಯ ಇರುವ ಮಕ್ಕಳನ್ನು ಕರೆದು ಮತ್ತೆ ನಂಬರ್ ಕೊಟ್ಟು ಕಳಿಸಬಾರದು.

ಈಗ ಆ 'ದೊಡ್ಡವರನ್ನೂ ಸೇರಿಸಿ' ಅನ್ನುವ ಮಾತು. ಒಂದು ಗ್ರಂಥಾಲಯದಲ್ಲಿ ಗಾಜಿನ ಡಬ್ಬಿ ತುಂಬ ಕಡಲೆ ಇಟ್ಟು, ಎಷ್ಟಿವೆ ಹೇಳಿ ಅಂತ ಬರೆದಿದ್ದೆವು. ಐದನೇ ತರಗತಿಯ ಹುಡುಗಿ ನೆಲದ ಮೇಲೆ ಸುರುವಿಕೊಂಡು ಒಂದೊಂದೇ ಎಣಿಸಲು ಕೂತಳು. ಇನ್ನೂರು ದಾಟುವಷ್ಟರಲ್ಲಿ ತಪ್ಪಿತು, ಮತ್ತೆ ಶುರು. ಬಾಗಿಲಲ್ಲಿ ನಿಂತಿದ್ದ ಅವಳ ಅಜ್ಜಿ ತಡೆಯಲಾರದೆ ಒಳಗೆ ಬಂದರು. 'ಎಲ್ಲಾ ಯಾಕ ಎಣಸ್ತಿಯವ್ವಾ, ಒಂದು ಹಿಡಿ ಎಣಸು, ಎಷ್ಟು ಹಿಡಿ ಅದಾವ ನೋಡು' ಅಂದರು. ಹುಡುಗಿಯ ಒಂದು ಹಿಡಿಗೆ 84 ಬಂತು. ಅಳೆದರೆ 14 ಹಿಡಿ. ಪಾಟಿಯ ಮೇಲೆ ಗುಣಿಸಿ 1,176 ಅಂದಳು. ಆಮೇಲೆ ನಾಲ್ಕು ಜನ ಕೂತು ಎಲ್ಲ ಎಣಿಸಿದಾಗ ಬಂದದ್ದು 1,212. ಮೂವತ್ತಾರೇ ವ್ಯತ್ಯಾಸ! ಅಜ್ಜಿ ತಮ್ಮ ಕೈಯಲ್ಲಿ ಅಳೆದರು, ಒಂಬತ್ತೇ ಹಿಡಿ ಆಯಿತು. ಯಾಕೆ ಅಂತ ಹುಡುಗಿ ತನ್ನ ಅಂಗೈಯನ್ನು ಅಜ್ಜಿಯ ಅಂಗೈ ಮೇಲೆ ಇಟ್ಟು ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದಳು. ಶಾಲೆಗೇ ಹೋಗದ ಅಜ್ಜಿ ಅವತ್ತು ಗುಣಾಕಾರವನ್ನೂ ಅಳತೆಯನ್ನೂ ಕಲಿಸಿದರು, ಖರ್ಚು ಒಂದು ಡಬ್ಬಿ ಕಡಲೆ. ನಿಮ್ಮೂರಲ್ಲಿ ಕೌದಿ ಹೊಲಿಯುವವರು ಇದ್ದರೆ ಕರೆಸಿ, ಹಾಸಿ, ಎಷ್ಟು ತ್ರಿಕೋನ ಇವೆ ಅಂತ ಮಕ್ಕಳಿಗೆ ಕೇಳಿ. ಚುಕ್ಕಿ ರಂಗೋಲಿ ಹಾಕುವವರಿಗೆ ಒಂದು ಮೂಲೆ ಕೊಡಿ. ಬಡಗಿಯವರಿಗೆ ಮಟ್ಟಗೋಲು ತರಲು ಹೇಳಿ.

ಇದನ್ನೆಲ್ಲ ವರದಿಯಲ್ಲಿ ಬರೆಯಿರಿ. ಎರಡು ಪುಟ ಸಾಕು. ಎಷ್ಟು ಮಕ್ಕಳು, ಎಷ್ಟು ದೊಡ್ಡವರು, ಯಾವ ಟೇಬಲ್‌ನಲ್ಲಿ ಜನ ಜಾಸ್ತಿ ಹೊತ್ತು ಕೂತರು, ಮುಂದಿನ ತಿಂಗಳು ಪೆಟ್ಟಿಗೆಯನ್ನು ಎಷ್ಟು ಸಲ ತೆರೆದರು. ಬಿಲ್ಲುಗಳ ನಕಲು, ದುಡ್ಡು ಬಳಕೆಯಾದ ಪ್ರಮಾಣಪತ್ರಕ್ಕೆ ಪಿಡಿಒ ಸಹಿ, ನಾಲ್ಕು ಫೋಟೊ. ಮಾರ್ಚ್ 31 ದಾಟುವ ಮೊದಲೇ ಕೊಟ್ಟವರಿಗೆ ಮುಟ್ಟಿಸಿ.

ಈ ವಾರ ಮಾಡಬೇಕಾದದ್ದು ಇಷ್ಟೇ: ಪಂಚಾಯಿತಿಯ ಮುಂದಿನ ಸಾಮಾನ್ಯ ಸಭೆ ಯಾವತ್ತು ಅಂತ ಕೇಳಿಕೊಳ್ಳಿ. ಒಂದು ಪುಟದ ಪತ್ರ ಬರೆದು, 12 ಸಾವಿರದ ಲೆಕ್ಕ ಕೆಳಗೆ ಹಚ್ಚಿ, ಸಭೆಗೆ ಎಂಟು ದಿನ ಇರುವಾಗಲೇ ಕೊಡಿ, ಅಜೆಂಡಾದಲ್ಲಿ ಸೇರಲಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡೇ ಬನ್ನಿ.